ಹಾಕರ್ 800ಎಕ್ಸ್‌ಪಿ ಬಾಡಿಗೆ ಜೆಟ್: ಹಲವು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಆರೇಳು ಜನ ಚಾರ್ಟರ್ ಮಾಡಿಕೊಂಡು ಹೊರಡುವುದಾದರೆ ಹಾಕರ್ 800ಎಕ್ಸ್‌ಪಿ ಹಳೆಯದಾದರೂ ಈಗಲೂ ಒಳ್ಳೆಯ ಆಯ್ಕೆ. ಮುಖ್ಯ ಕಾರಣ ಒಳಗಿನ ಎತ್ತರ. ಇದರಲ್ಲಿ ಸುಮಾರು 1.75 ಮೀಟರ್ ಸಿಗುತ್ತದೆ. ಫೆನಾಮ್ 300 ಎಂಬ ಚಿಕ್ಕ ಜೆಟ್‌ನಲ್ಲಿ 1.5, ಪ್ರೊಪೆಲ್ಲರ್ ವಿಮಾನವಾದ ಕಿಂಗ್ ಏರ್‌ನಲ್ಲಿ ಅದಕ್ಕೂ ಕಡಿಮೆ. ಬೆಳಗಾವಿಗೆ ಹೋಗಿಬರಲು ಯಾವುದಾದರೂ ನಡೆಯುತ್ತದೆ. ದೆಹಲಿಯವರೆಗೆ ಕೂತು, ನಡುವೆ ಬೆನ್ನು ಬಗ್ಗಿಸಿಕೊಂಡು ಹಿಂದಿನ ಶೌಚಾಲಯಕ್ಕೆ ಹೋಗಬೇಕಾದ ಹಿರಿಯರಿಗೆ ಈ ಒಂದು ಗೇಣಿನ ಬೆಲೆ ಗೊತ್ತಾಗುತ್ತದೆ.

ಸಾಮಾನ್ಯ ಜೋಡಣೆಯಲ್ಲಿ ಎಂಟು ಸೀಟು: ಮುಂದೆ ಎದುರುಬದುರು ನಾಲ್ಕು, ಹಿಂದೆ ಮೂವರ ಸೋಫಾ, ಅದರೆದುರು ಒಂದು. ಎಂಜಿನ್‌ಗಳು ಬಾಲದ ಬದಿಗಿರುವುದರಿಂದ ಮಾತುಕತೆಗೆ ಮುಂದಿನ ನಾಲ್ಕೇ ಸರಿ. ಸೋಫಾ ಮಲಗುವವರಿಗಿರಲಿ.

ಲಗೇಜಿನ ವಿಷಯದಲ್ಲಿ ಮೋಸಹೋಗಬೇಡಿ. ಹೆಚ್ಚಿನ ಹಾಕರ್‌ಗಳಲ್ಲಿ ಹೊರಗಿನಿಂದ ತುಂಬುವ ಡಿಕ್ಕಿಯಿಲ್ಲ, ಎಲ್ಲವೂ ಬಾಗಿಲ ಪಕ್ಕದ ಜಾಗದಲ್ಲೇ ಹಿಡಿಯಬೇಕು. ಮೆತ್ತನೆಯ ಬ್ಯಾಗು ಎಂಟೂ ಹೋಗುತ್ತವೆ, ಗಟ್ಟಿ ಸೂಟ್‌ಕೇಸ್ ಎಂಟು ಹೋಗುವುದಿಲ್ಲ. ಮದುವೆಗೆ ಹೊರಟವರು ಇಲ್ಲೇ ಎಡವುತ್ತಾರೆ.

ಬುಕ್ ಮಾಡುವಾಗ ಕೇಳಲೇಬೇಕಾದ ಪ್ರಶ್ನೆ: "ಎಪಿಯು ಕೆಲಸ ಮಾಡುತ್ತಿದೆಯೇ?" ಬಾಲದೊಳಗಿನ ಈ ಪುಟ್ಟ ಎಂಜಿನ್ನೇ ನೆಲದ ಮೇಲೆ ಎಸಿ ಓಡಿಸುವುದು. ಅದು ಕೆಟ್ಟಿದ್ದರೂ ನಿಯಮದಂತೆ ಕೆಲವು ಷರತ್ತುಗಳ ಮೇಲೆ ವಿಮಾನ ಹಾರಬಹುದು. ಆದರೆ ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಬಿಸಿಲಿಗೆ ನಿಂತ ಕ್ಯಾಬಿನ್ ಒಲೆಯಂತಾಗಿರುತ್ತದೆ. ಹೊರಗಿನ ಎಸಿ ಗಾಡಿ ಅಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಬಿಲ್ಲಿನ ಲೆಕ್ಕ ಹೀಗೆ. ವಿಮಾನದ ಠಿಕಾಣಿ ಮುಂಬೈ ಎಂದುಕೊಳ್ಳಿ. ಅಲ್ಲಿಂದ ಬೆಂಗಳೂರಿಗೆ ಖಾಲಿ ಬರಲು ಸುಮಾರು 1 ಗಂಟೆ 40 ನಿಮಿಷ, ಬೆಳಗಾವಿಗೆ ಹೋಗಿಬರಲು 2 ಗಂಟೆ, ಮತ್ತೆ ಖಾಲಿ ವಾಪಸು 1 ಗಂಟೆ 40 ನಿಮಿಷ. ನೀವು ಕೂತದ್ದು 2 ಗಂಟೆ, ಕೊಡುವುದು 5 ಗಂಟೆ 20 ನಿಮಿಷಕ್ಕೆ. ಮೇಲೆ ಶೇ. 18 ಜಿಎಸ್‌ಟಿ, ರಾತ್ರಿ ಉಳಿದರೆ ಪಾರ್ಕಿಂಗ್ ಮತ್ತು ಪೈಲಟ್‌ಗಳ ವಸತಿ. ಗಂಟೆಯ ದರ ತುಸು ಹೆಚ್ಚಿದ್ದರೂ ಬೆಂಗಳೂರಲ್ಲೇ ನಿಂತ ವಿಮಾನ ಅಗ್ಗವಾಗುವುದು ಹೀಗೆ.

ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ಟಿನ, ಅಂದರೆ ವಿಮಾನವನ್ನು ಬಾಡಿಗೆಗೆ ಓಡಿಸುವ ಪರವಾನಗಿಯ, ಪ್ರತಿಯನ್ನು ತರಿಸಿಕೊಂಡು, ಅದರಲ್ಲಿ ನಿಮಗೆ ಕೊಡುವ ವಿಮಾನದ ವಿಟಿ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಖಾಸಗಿ ಬಳಕೆಗೆ ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಬಿಡುವಂತಿಲ್ಲ. ಅಪಘಾತವಾದರೆ ವಿಮೆ ಕೈಕೊಡಬಹುದು. ದರ ಎಷ್ಟೇ ಕಡಿಮೆಯಿರಲಿ, ಅಂಥದ್ದನ್ನು ಹತ್ತಲೇಬೇಡಿ.

ಮೈಸೂರಿಗೆ ಮಾತ್ರ ಹಾಕರ್ ಬೇಡ. ಅಲ್ಲಿನ ರನ್‌ವೇ 1,740 ಮೀಟರ್. ಬೇಸಿಗೆಯ ತೆಳುಗಾಳಿಯಲ್ಲಿ ಮೇಲೇಳಲು ಇಂಧನವನ್ನೋ ಜನರನ್ನೋ ಇಳಿಸಬೇಕಾದೀತು. ಆ ದಾರಿಗೆ ಕಿಂಗ್ ಏರ್ ಹಿಡಿಯಿರಿ, ಸ್ವಲ್ಪ ಬಗ್ಗಿ ನಡೆದರಾಯಿತು.