ಹದಿನಾರು ಎಸಳಿನ ರಂಗೋಲಿಗೆ ಇಂಕ್‌ಸ್ಕೇಪ್ ಏಕೆ ಹಿಡಿದೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರಿನಲ್ಲಿ ರಂಗೋಲಿ ಬರೆಯುವ ತಂತ್ರಾಂಶಗಳಲ್ಲಿ ನನ್ನ ಓಟು ಇಂಕ್‌ಸ್ಕೇಪ್‌ಗೆ. ದುಡ್ಡು ಕೊಡಬೇಕಿಲ್ಲ ಎಂಬುದೂ ಒಂದು ಕಾರಣ, ಆದರೆ ಅದೇ ದೊಡ್ಡ ಕಾರಣವಲ್ಲ.

ದಾವಣಗೆರೆಯ ವಿನೋಬನಗರದ ಮನೆಯಲ್ಲೇ ಕುಳಿತು ನಾನು ಸ್ಟಿಕರ್ ರಂಗೋಲಿ ಮಾಡಿಕೊಡುತ್ತೇನೆ. ಹೊಸಿಲಿಗೆ, ದೇವರ ಕೋಣೆಯ ನೆಲಕ್ಕೆ ಅಂಟಿಸುವಂಥವು. ವಿನ್ಯಾಸ ನನ್ನದು, ವಿನೈಲ್ ಹಾಳೆ ಕತ್ತರಿಸುವುದು ಪ್ಲಾಟರ್ (ಕಂಪ್ಯೂಟರಿನ ಗೆರೆಯಂತೆ ಬ್ಲೇಡು ಓಡಿಸುವ ಯಂತ್ರ) ಇಟ್ಟುಕೊಂಡ ಅಂಗಡಿಯವರ ಕೆಲಸ. ಒಮ್ಮೆ ಗೃಹಪ್ರವೇಶಕ್ಕೆಂದು 3 ಅಡಿ ಅಗಲದ, ಹೊರಸುತ್ತಿನಲ್ಲಿ 16 ಎಸಳು, ಒಳಸುತ್ತಿನಲ್ಲಿ 8 ಎಸಳು ಇರುವ ವೃತ್ತ ಕೇಳಿದರು. ಫೋಟೋಶಾಪ್‌ಗೆ ಆಗಷ್ಟೇ ವರ್ಷದ ಚಂದಾ ಕಟ್ಟಿದ್ದೆ. ಕಟ್ಟಿದ ಮೇಲೆ ಬಳಸದೆ ಬಿಡುವುದುಂಟೇ ಎಂಬ ಹಟದಲ್ಲಿ ಎರಡು ರಾತ್ರಿ ಕುಳಿತು ಮುಗಿಸಿ, ಪೆನ್ ಡ್ರೈವ್ ಹಿಡಿದು ಹೋದೆ. ಅಂಗಡಿಯ ಹುಡುಗ ಚಿತ್ರವನ್ನು ಹಿಗ್ಗಿಸಿ ನೋಡಿದ. "ಅಕ್ಕಾ, ಇದು ಫೋಟೋ. ಬ್ಲೇಡಿಗೆ ಗೆರೆ ಬೇಕು" ಎಂದ.

ಅಷ್ಟಾದರೂ ಅವನು ಪಾಪ, ಚಿತ್ರದ ಮೇಲಿಂದ ಗೆರೆ ತೆಗೆಸಿ ಕತ್ತರಿಸಿಕೊಟ್ಟ. ಮನೆಗೆ ತಂದು ಹರಡಿದಾಗ ನನ್ನ ಕೈಕೆಲಸ ಬಯಲಾಯಿತು. ಒಂದು ಎಸಳಿನ ತುದಿ ಸೂಜಿಯಂತೆ ಚೂಪು, ಅದಕ್ಕೆ ಅಂಟಿಕೊಂಡ ಇನ್ನೊಂದರ ತುದಿ ಸವೆದ ಪೆನ್ಸಿಲ್‌ನಂತೆ ಮೊಂಡು. ಚೂಪಾದದ್ದು ಮೊದಲನೆಯದು, ಮೊಂಡಾದದ್ದು ಹದಿನಾರನೆಯದು. ವೃತ್ತದಲ್ಲಿ ಮೊದಲನೆಯದೂ ಕೊನೆಯದೂ ಅಕ್ಕಪಕ್ಕವೇ ಬಂದು ಕೂರುತ್ತವಲ್ಲ!

ತಪ್ಪು ನನ್ನದೇ. ಫೋಟೋಶಾಪ್‌ನಲ್ಲಿ ಒಂದು ಎಸಳನ್ನು 22.5 ಡಿಗ್ರಿ ತಿರುಗಿಸಿ, ಆಮೇಲೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ಟಿ ಒತ್ತುತ್ತಾ ಹೋದರೆ ಪ್ರತಿ ಒತ್ತಿಗೂ ಹೊಸ ಎಸಳು ಅಷ್ಟೇ ತಿರುಗಿ ಬಂದು ಕೂರುತ್ತದೆ. ನೋಡಲು ಜಾದೂ. ಆದರೆ ಎಸಳು ಬರೀ ಪಿಕ್ಸೆಲ್ಲಿನ, ಅಂದರೆ ಬಣ್ಣದ ಪುಟ್ಟ ಚೌಕಗಳದ್ದಾಗಿದ್ದರೆ ಪ್ರತಿಯೊಂದೂ ಅದರ ಹಿಂದಿನದರ ನಕಲು. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಅಂಚು ಮಸುಕಾಗುತ್ತಾ ಹೋಗುತ್ತದೆ. ಮೊದಲೇ ಅದನ್ನು ಸ್ಮಾರ್ಟ್ ಆಬ್ಜೆಕ್ಟ್ (ಮೂಲವನ್ನು ಹಾಗೇ ಕಾಪಾಡಿಕೊಳ್ಳುವ ಪದರ) ಮಾಡಿಕೊಂಡಿದ್ದರೆ, ಇಲ್ಲವೇ ಶೇಪ್ ಲೇಯರ್ (ಗೆರೆಯಿಂದಲೇ ಆದ ಆಕಾರ) ಆಗಿಯೇ ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಇದು ಗೊತ್ತಾದದ್ದು ವಿನೈಲ್ ಹಾಳಾದ ಮೇಲೆ.

ಮಸುಕಿಗಾದರೂ ಮದ್ದುಂಟು. ನನ್ನ ತಲೆ ತಿಂದದ್ದು ಕೇಂದ್ರಬಿಂದು. ಎಸಳು ಹೂವಿನ ನಡುವಿನ ಸುತ್ತ ತಿರುಗಬೇಕು, ತನ್ನ ಸೊಂಟದ ಸುತ್ತ ಅಲ್ಲ. ಅದಕ್ಕಾಗಿ ತಿರುಗುವ ಬಿಂದುವನ್ನು ಎಸಳಿನ ಹೊಟ್ಟೆಯಿಂದ ಕಿತ್ತು ಹೂವಿನ ನಡುವೆ ಇಡಬೇಕು. 2019ರ ಆವೃತ್ತಿಯಿಂದ ಫೋಟೋಶಾಪ್‌ನಲ್ಲಿ ಆ ಬಿಂದು ತಾನಾಗಿ ಕಾಣುವುದೇ ಇಲ್ಲ, ಮೇಲಿನ ಪಟ್ಟಿಯಲ್ಲಿ ಒಂದು ಪುಟ್ಟ ಚೌಕಕ್ಕೆ ಗುರುತು ಹಾಕಬೇಕು. ಇದು ತಿಳಿಯದೆ ಒಂದು ಸಂಜೆಯೆಲ್ಲಾ ನನ್ನ ಎಸಳು ಬುಗುರಿಯಂತೆ ನಿಂತಲ್ಲೇ ಗಿರಗಿರ ತಿರುಗಿತು.

ಬಿಂದು ಸಿಕ್ಕ ಮೇಲೆ ಇನ್ನೊಂದು ಪೇಚು. ಪಕ್ಕದಲ್ಲೇ ಎಕ್ಸ್, ವೈ ಎಂಬ ಎರಡು ಖಾನೆಗಳಿವೆ. ಬಿಂದುವಿನ ಜಾಗವನ್ನು ಅಲ್ಲಿ ಅಂಕಿಯಲ್ಲಿ ಕೊಟ್ಟರಾಯಿತು ಎಂದುಕೊಂಡೆ. ಅಂಕಿ ಕೊಟ್ಟೊಡನೆ ಬಿಂದುವಿನ ಜೊತೆ ಎಸಳೂ ಎದ್ದು ಹೋಯಿತು! ಆ ಖಾನೆಗಳು ಆಕಾರವನ್ನೇ ಸರಿಸುತ್ತವೆ. ಕೊನೆಗೆ ಕಣ್ಣಳತೆಯಲ್ಲೇ ಎಳೆದಿಟ್ಟೆ. ಅಂದಾಜಿನಲ್ಲಿ ಇಟ್ಟರೂ 16 ಎಸಳು ಸುತ್ತಿ ಬಂದು ಸರಿಯಾಗಿಯೇ ಕೂಡಿಕೊಳ್ಳುತ್ತವೆ, ಅದರಲ್ಲಿ ಮೋಸವಿಲ್ಲ. ಮೋಸ ಕಾಣುವುದು ಒಳಸುತ್ತು ಹಾಕಿದಾಗ. ಅದಕ್ಕೆ ಇನ್ನೊಂದು ಅಂದಾಜು, ಇನ್ನೊಂದು ಕೇಂದ್ರ. ಹೊರಸುತ್ತು ಒಂದು ಕಡೆ, ಒಳಸುತ್ತು ಅದರಿಂದ ಕೂದಲೆಳೆ ಆಚೆ. ಪರದೆಯಲ್ಲಿ ಕೂದಲೆಳೆಯಾದದ್ದು 3 ಅಡಿಯಲ್ಲಿ ಬೆರಳಗಲ. ಮೊದಲು ಅಡ್ಡ ಒಂದು, ಉದ್ದ ಒಂದು ಗೈಡ್ ಗೆರೆ ಎಳೆದು, ಅವು ಕೂಡುವಲ್ಲಿ ಬಿಂದುವನ್ನು ಅಂಟಿಸಿದರೆ ಈ ತೊಂದರೆ ಇಲ್ಲ. ಯಾವ ತಂತ್ರಾಂಶ ಹಿಡಿದರೂ ಈಗ ನನ್ನ ಮೊದಲ ಕೆಲಸ ಅದೇ.

ಗಿಂಪ್ ಫೋಟೋಶಾಪ್‌ನಂಥದೇ, ಆದರೆ ಉಚಿತ. ಕೈಯಲ್ಲೇ ಬಿಡಿಸುವವರಿಗೆ ಅದರ ಸಿಮೆಟ್ರಿ ಪೇಂಟಿಂಗ್‌ನಲ್ಲಿ ‘ಮಂಡಲ’ ಎಂಬ ಸೊಗಸಾದ ಸೌಲಭ್ಯವಿದೆ. ಒಂದು ಗೆರೆ ಎಳೆದರೆ ಸುತ್ತಲೂ ಅಷ್ಟೂ ಗೆರೆ ಮೂಡುತ್ತವೆ. ಮಗಳು ಗಂಟೆಗಟ್ಟಲೆ ಅದರಲ್ಲೇ ಆಡುತ್ತಾಳೆ. ಆದರೆ ಸಿದ್ಧ ಎಸಳೊಂದನ್ನು ಹದಿನೈದು ಬಾರಿ ನಕಲಿಸಿ ತಿರುಗಿಸುವ ಕೂಲಿ ಅಲ್ಲಿ ನನ್ನದು, ಮೇಲಾಗಿ ಅದೂ ಪಿಕ್ಸೆಲ್ಲೇ.

ಕೋರೆಲ್‌ಡ್ರಾ ಬೇರೆಯೇ ಜಾತಿ, ಪಿಕ್ಸೆಲ್ ಬಿಟ್ಟು ಗೆರೆಯಲ್ಲೇ ಚಿತ್ರ ಕಟ್ಟುವಂಥದ್ದು. ನಮ್ಮೂರಿನಲ್ಲಿ ನಾನು ಹತ್ತಿದ ಫ್ಲೆಕ್ಸ್ ಅಂಗಡಿಗಳಲ್ಲೆಲ್ಲ ಅದೇ ಮನೆಮಾತು. ನನ್ನ ಮೈದುನ ಅಂಥದೊಂದು ಅಂಗಡಿಯಲ್ಲೇ ಇದ್ದಾನೆ, ಅವನ ಯಂತ್ರದಲ್ಲಿ ಮಾಡಿ ನೋಡಿದೆ. ಆಲ್ಟ್ ಜೊತೆ ಎಫ್8 ಒತ್ತಿ, ಕೋನ 22.5, ನಕಲು 15 ಎಂದು ಕೊಟ್ಟರೆ ಮುಗಿಯಿತು. ಇಲ್ಲಿ ಕೇಂದ್ರವನ್ನು ಅಂಕಿಯಲ್ಲೇ ಕೊಡಬಹುದು, ಎಸಳು ಜಾಗ ಬಿಟ್ಟು ಕದಲುವುದಿಲ್ಲ. ವರ್ಷಕ್ಕೆ ನಲವತ್ತೋ ಐವತ್ತೋ ರಂಗೋಲಿ ಮಾಡುವ ನನಗೆ ಅದರ ಬೆಲೆ ಹೊಂದುವುದಿಲ್ಲ. ಹೊಂದುವಂತಿದ್ದರೂ ಇಂಕ್‌ಸ್ಕೇಪ್‌ ಬಿಡುತ್ತಿದ್ದೆನೋ ಇಲ್ಲವೋ.

ಏಕೆಂದರೆ ಗಿರಾಕಿಗಳು ಒಂದೇ ಮಾತಿನಲ್ಲಿ ನಿಲ್ಲುವವರಲ್ಲ. "ಎಸಳು ಸ್ವಲ್ಪ ತೆಳ್ಳಗಿರಲಿ" ಎಂದು ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ‘ರೊಟೇಟ್ ಕಾಪೀಸ್’ ಎಂಬ ಪಾತ್ ಎಫೆಕ್ಟ್ (ಮೂಲ ಗೆರೆಯನ್ನು ಕೆಡಿಸದೆ ಅದರ ಮೇಲೆ ಹಾಕುವ ಮಾರ್ಪಾಡು) ಇದೆ. ಎಸಳಿಗೆ ಅದನ್ನು ಹಾಕಿ 16 ಎಂದು ಕೊಟ್ಟರೆ ಸಾಕು (ಇಲ್ಲಿ ಮೂಲವೂ ಲೆಕ್ಕಕ್ಕೆ ಸೇರುತ್ತದೆ, ಕೋರೆಲ್‌ನ 15 ಅಲ್ಲ), ಕೋನವನ್ನು ಅದೇ ಭಾಗಿಸಿಕೊಳ್ಳುತ್ತದೆ. ಗೆರೆಯ ಚುಕ್ಕೆಗಳನ್ನು ಎಳೆದಾಡಿಸುವ ನೋಡ್ ಉಪಕರಣ ಹಿಡಿದು ಕೇಂದ್ರದ ಗುರುತನ್ನು ಗೈಡ್‌ಗಳು ಕೂಡುವಲ್ಲಿಗೆ ಎಳೆದಿಡುತ್ತೇನೆ. ಆಮೇಲೆ ಮೂಲ ಎಸಳಿನ ಸೊಂಟದ ಒಂದು ಚುಕ್ಕೆಯನ್ನು ಒಳಕ್ಕೆ ದೂಡಿದರೆ ಹದಿನಾರೂ ಎಸಳು ಒಟ್ಟಿಗೆ ಸಣ್ಣಗಾಗುತ್ತವೆ. ಮೊದಲ ಸಲ ಅದನ್ನು ಕಂಡು ಸುಮ್ಮನೆ ಹಿಂದೆ ಮುಂದೆ ಎಳೆದಾಡುತ್ತಾ ಕುಳಿತುಬಿಟ್ಟೆ, ಒಲೆಯ ಮೇಲಿನ ಹಾಲು ಉಕ್ಕಿತು.

ಏಳು ಎಸಳಿನ ಹೂವಿಗೂ ಇದೇ ಸಲೀಸು. 360ನ್ನು 7ರಿಂದ ಭಾಗಿಸಿದರೆ 51.428 ಎಂದು ಬಾಲ ಬೆಳೆಯುತ್ತಲೇ ಹೋಗುತ್ತದೆ, ಅದನ್ನು ನಾನು ಬರೆಯಬೇಕಿಲ್ಲ. ಆದರೆ ಬೆಸ ಸಂಖ್ಯೆಯ ಹೂವನ್ನು ಅಲೈನ್ ಗುಂಡಿ ಒತ್ತಿ ನಡುವೆ ಕೂರಿಸಲು ಹೋಗಬೇಡಿ. ಮೇಲೆ ಒಂದು ಎಸಳಿನ ತುದಿ ಇದ್ದರೆ ನೇರ ಕೆಳಗೆ ಎರಡು ಎಸಳುಗಳ ಸಂದು ಇರುತ್ತದೆ. ತಂತ್ರಾಂಶ ಹೂವಿನ ಸುತ್ತ ಚೌಕ ಕಟ್ಟಿ ಅದರ ನಡುವನ್ನು ಹಿಡಿಯುತ್ತದೆ, ಅದು ಹೂವಿನ ನಡುವಲ್ಲ. ಹೂವಿನ ಸುತ್ತ ಅದೇ ಕೇಂದ್ರದ ದೊಡ್ಡ ವೃತ್ತವೊಂದನ್ನು ಹಾಕಿ, ಎರಡನ್ನೂ ಗುಂಪು ಮಾಡಿ ಕೂರಿಸುತ್ತೇನೆ, ಆಮೇಲೆ ವೃತ್ತವನ್ನು ಅಳಿಸುತ್ತೇನೆ.

ಕತ್ತರಿಸಲು ಕೊಡುವ ಮುನ್ನ ಎಫೆಕ್ಟನ್ನು ನಿಜವಾದ ಗೆರೆಯಾಗಿಸಿ, ಯೂನಿಯನ್ ಕೊಟ್ಟು ಎಸಳುಗಳನ್ನು ಬೆಸೆಯಬೇಕು. ಕೋರೆಲ್‌ನವರು ಇದನ್ನೇ ವೆಲ್ಡ್ ಎನ್ನುತ್ತಾರೆ. ಮರೆತರೆ ಎಸಳು ಒಂದರ ಮೇಲೊಂದು ಬಂದ ಕಡೆಯೆಲ್ಲ ಬ್ಲೇಡು ಹಾದು ವಿನೈಲ್ ಚೂರುಚೂರು.

ಇಂಕ್‌ಸ್ಕೇಪ್‌ನ ಕೊರತೆ ಮುದ್ರಣದ ಬಣ್ಣ. ಅದರ ಲೆಕ್ಕವೆಲ್ಲ ಪರದೆಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಣ್ಣದಲ್ಲಿ, ಮುದ್ರಣದ ಶಾಯಿಯ ಬಣ್ಣದಲ್ಲಿ ಅಲ್ಲ. ಒಂದೇ ಬಣ್ಣದ ಹಾಳೆ ಕತ್ತರಿಸುವ ನನಗೆ ಅದು ತಟ್ಟುವುದಿಲ್ಲ. ಬಣ್ಣದ ಫ್ಲೆಕ್ಸ್ ಬೇಕೆಂದರೆ ಪಿಡಿಎಫ್ ಮಾಡಿ ಮೈದುನನಿಗೆ ಕಳುಹಿಸುತ್ತೇನೆ. ಅವನು ಕೋರೆಲ್‌ನಲ್ಲಿ ತೆರೆದು ಬಣ್ಣ ಸರಿಪಡಿಸಿ, "ಅತ್ತಿಗೆ, ಮಂಡಕ್ಕಿ ಮಿರ್ಚಿ ಬಾಕಿ ಇದೆ" ಎಂದು ಮೆಸೇಜ್ ಹಾಕುತ್ತಾನೆ. ಈವರೆಗೆ ಆರು ಪ್ಲೇಟು ಆಗಿದೆ.