ಚೀಲದ ಮೇಲಿನ ಶೇ 21: ಮೂರು ಹಂತದ ಬ್ರಾಯ್ಲರ್ ಆಹಾರದ ವಿಮರ್ಶೆ

ಪ್ರೀ-ಸ್ಟಾರ್ಟರ್, ಸ್ಟಾರ್ಟರ್, ಫಿನಿಶರ್ ಎಂಬ ಮೂರು ಹಂತಗಳಲ್ಲಿ ಒಬ್ಬ ತಯಾರಕರು ಮಾರುವ ಬ್ರಾಯ್ಲರ್ ಆಹಾರವನ್ನು ಸಾವಿರ ಮರಿಗಳ ಎರಡು ಬ್ಯಾಚುಗಳಿಗೆ ಹಾಕಿ, ತೂಗಿ, ಕೊನೆಗೆ ಪ್ರಯೋಗಾಲಯಕ್ಕೂ ಕಳುಹಿಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಒಂದೇ ಶೆಡ್ಡಿನ ಅನುಭವದಿಂದ ಒಂದು ಹೆಸರನ್ನು ಎತ್ತಿ ಹಿಡಿಯುವುದಾಗಲಿ ಇಳಿಸುವುದಾಗಲಿ ನ್ಯಾಯವಲ್ಲವೆಂದು ತಯಾರಕರ ಹೆಸರನ್ನು ಬಿಟ್ಟಿದ್ದೇನೆ. ಮೊದಲೆರಡು ಹಂತಗಳ ಆಹಾರ ನನಗೆ ತುಂಬ ಮೆಚ್ಚುಗೆಯಾಗಿದೆ. ಚೀಲದ ಮೇಲೆ ‘ಹೆಚ್ಚು ಪ್ರೋಟೀನ್, ಶೇ 21’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವ ಫಿನಿಶರ್ ಮಾತ್ರ ಮೆಚ್ಚುಗೆಯಾಗಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕಾಗಿದೆ. ಮಾಂಸದ ಕೋಳಿ ಸಾಕುವ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಆಹಾರಕ್ಕೇ ಹೋಗುತ್ತದೆ, ಆ ಆಹಾರದಲ್ಲಿಯೂ ಹೆಚ್ಚು ಚೀಲ ಖಾಲಿಯಾಗುವುದು ಈ ಕೊನೆಯ ಹಂತದಲ್ಲಿ.

ಪ್ರೀ-ಸ್ಟಾರ್ಟರ್ ಚೀಲ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರಿದುಕೊಂಡಾಗಲೇ ತಯಾರಿಕೆಯಲ್ಲಿನ ಶ್ರದ್ಧೆ ಗೊತ್ತಾಗುತ್ತದೆ. ನುಚ್ಚು ಒಂದೇ ಸಮನಾಗಿದೆ, ಕೈಗೆ ಹಿಟ್ಟು ಮೆತ್ತಿಕೊಳ್ಳುವುದಿಲ್ಲ, ಎಣ್ಣೆ ಕೆಟ್ಟ ಕಮಟು ವಾಸನೆಯಿಲ್ಲ. ಚೀಟಿಯಲ್ಲಿ ಪ್ರೋಟೀನ್ ಶೇ 23 ಎಂದಿರುವುದರ ಜೊತೆಗೆ, ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಾದ ಲೈಸಿನ್ ಮತ್ತು ಮೆಥಿಯೊನಿನ್ ಎಷ್ಟೆಂಬುದನ್ನೂ ಹೇಳಿದ್ದಾರೆ. ಮರಿಗಳನ್ನು ಬೆಚ್ಚಗಿಡುವ ಬ್ರೂಡರಿಗೆ ಬಿಟ್ಟು 24 ಗಂಟೆಗಳಾದ ಮೇಲೆ ನಲವತ್ತು ಮರಿಗಳನ್ನು ಒಂದೊಂದಾಗಿ ಎತ್ತಿ, ಕೊರಳ ಬುಡದಲ್ಲಿರುವ ಆಹಾರದ ಚೀಲವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದೆ. ಒಂದು ಮರಿಯನ್ನು ಬಿಟ್ಟು ಉಳಿದೆಲ್ಲವುಗಳಲ್ಲಿ ಅದು ತುಂಬಿಕೊಂಡು, ನೆನೆದ ಹಿಟ್ಟಿನ ಸಣ್ಣ ಉಂಡೆಯಂತೆ ಮೆತ್ತಗಿತ್ತು. ಗಟ್ಟಿಯಾಗಿದ್ದರೆ ಮರಿ ತಿಂದಿದೆ ಆದರೆ ನೀರು ಕುಡಿದಿಲ್ಲ ಎಂದು ಅರ್ಥ. ಮೆತ್ತಗಿದ್ದರೆ ಎರಡೂ ಆಗಿದೆ.

ಮೊದಲ ವಾರಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಮೊಟ್ಟೆಯ ಹಳದಿಯಿಂದ ಬಂದ ಪೋಷಣೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ಕರುಳು ಆಗಷ್ಟೇ ಬೆಳೆಯುತ್ತಿರುತ್ತದೆ, ಜೀರ್ಣರಸಗಳು ಪೂರ್ತಿ ಊರಿರುವುದಿಲ್ಲ. ಇಂಥ ಮರಿಗೆ ಸರಿಯಾಗಿ ಬೇಯದ ಸೋಯಾ ಹಿಂಡಿ ಹಾಕಿದರೆ, ಪ್ರೋಟೀನ್ ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಅಂಶ ಅದರಲ್ಲಿ ಉಳಿದುಕೊಂಡು, ತಿಂದ ಪ್ರೋಟೀನ್ ಮೈಗೆ ಹತ್ತದೆ ಹಿಕ್ಕೆಯಲ್ಲಿ ಹೋಗುತ್ತದೆ. ಸುಮಾರು 42 ಗ್ರಾಂ ತೂಗುತ್ತಿದ್ದ ಮರಿಗಳು ಏಳನೆಯ ದಿನಕ್ಕೆ ಮೊದಲ ಬ್ಯಾಚಿನಲ್ಲಿ ಸರಾಸರಿ 186 ಗ್ರಾಂ, ಎರಡನೆಯದರಲ್ಲಿ 193 ಗ್ರಾಂ ಬಂದವು. ವಾರದ ತೂಕ ಮೊದಲ ದಿನದ ತೂಕಕ್ಕೆ ನಾಲ್ಕೂವರೆ ಪಟ್ಟು ಇರಬೇಕೆಂಬ ಸಾಕಣೆದಾರರ ಲೆಕ್ಕಕ್ಕೆ ಇದು ಸರಿಯಾಗಿ ಕೂಡುತ್ತದೆ.

ಸ್ಟಾರ್ಟರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹನ್ನೊಂದನೆಯ ದಿನದಿಂದ ಇಪ್ಪತ್ತೊಂದರವರೆಗೆ ಕೊಟ್ಟೆ. ಬದಲಾಯಿಸುವಾಗ ಎರಡು ದಿನ ಹಳೆಯದರೊಂದಿಗೆ ಬೆರೆಸಿದೆ. ಮರಿಗಳು ತಿನ್ನುವುದನ್ನು ಒಂದು ಹೊತ್ತೂ ನಿಲ್ಲಿಸಲಿಲ್ಲ. ಕಾಲು ಸೊಟ್ಟಗಾದ ಮರಿಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ ಕ್ಯಾಲ್ಸಿಯಂ ಮತ್ತು ರಂಜಕದ ಹೊಂದಿಕೆ ಚೆನ್ನಾಗಿದೆ ಎಂದೇ ತಿಳಿದಿದ್ದೇನೆ. 21ನೆಯ ದಿನ ಸರಾಸರಿ ತೂಕ 900 ಗ್ರಾಂ ದಾಟಿತ್ತು.

ಈಗ ಫಿನಿಶರ್. ಮೊದಲ ಬ್ಯಾಚಿನಲ್ಲಿ ಇದನ್ನು ಹಾಕತೊಡಗಿ ಒಂದು ವಾರವಾಗುವಷ್ಟರಲ್ಲಿ ಶೆಡ್ಡಿನ ಹಾಸು ಒದ್ದೆಯಾಗತೊಡಗಿತು. ನೀರಿನ ನಿಪ್ಪಲ್‌ಗಳು ಸೋರುತ್ತಿರಬೇಕೆಂದು ಒಂದೊಂದನ್ನೂ ಪರೀಕ್ಷಿಸಿದೆ, ಸೋರುತ್ತಿರಲಿಲ್ಲ. ನಿಂತಾಗ ವಾಸನೆ ಅಷ್ಟಾಗಿ ತಿಳಿಯದು. ಕೋಳಿಗಳ ತಲೆಯ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆದರೆ ಅಮೋನಿಯಾ ಕಣ್ಣಿಗೆ ಉರಿ ಹತ್ತಿಸುತ್ತಿತ್ತು. ಮೂವತ್ತನೆಯ ದಿನ ಕೋಳಿಗಳನ್ನು ಎತ್ತಿ ಪಾದ ತಿರುಗಿಸಿ ನೋಡಿದಾಗ, ಅಂಗಾಲಿನ ನಡುವೆ ತೊಗರಿ ಬೇಳೆಯಷ್ಟಗಲದ ಕಪ್ಪು ಹಕ್ಕಳೆ ಕಟ್ಟಿದ್ದು ಹತ್ತರಲ್ಲಿ ನಾಲ್ಕಕ್ಕೆ ಕಂಡಿತು. ನೋವಿನಲ್ಲಿರುವ ಕೋಳಿ ಮೇವಿನ ತೊಟ್ಟಿಗೆ ಹೋಗಲು ಹಿಂಜರಿಯುತ್ತದೆ, ಕೂತಲ್ಲೇ ಕೂತು ಎದೆಯ ಚರ್ಮವನ್ನೂ ಕೆಡಿಸಿಕೊಳ್ಳುತ್ತದೆ. ಆ ಪಾದಗಳನ್ನು ನೋಡಿದ ದಿನ ನನಗೆ ನಿಜವಾಗಿ ಬೇಸರವಾಯಿತು.

ಪ್ರೋಟೀನ್ ಹೆಚ್ಚಿರುವ ಆಹಾರದಿಂದ ಹಾಸು ಒದ್ದೆಯಾಗುವುದು ಹೇಗೆ? ಕೋಳಿಯ ಮೈ ಪ್ರೋಟೀನನ್ನು ಕೊಬ್ಬಿನ ಹಾಗೆ ಕೂಡಿಟ್ಟುಕೊಳ್ಳಲಾರದು. ಮಾಂಸ ಕಟ್ಟುವುದೆಂದರೆ ಅಮೈನೋ ಆಮ್ಲಗಳನ್ನು ಗೊತ್ತಾದ ಕ್ರಮದಲ್ಲಿ ಮಣಿಗಳಂತೆ ಪೋಣಿಸುತ್ತ ಹೋಗುವುದು. ಒಂದು ಬಗೆಯ ಮಣಿ ಮುಗಿದರೆ ಉಳಿದ ಮಣಿಗಳು ರಾಶಿಯಿದ್ದರೂ ಸರ ಮುಂದೆ ಸಾಗದು. ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಯ ಆಹಾರದಲ್ಲಿ ಮೊದಲು ಮುಗಿಯುವ ಮಣಿ ಮೆಥಿಯೊನಿನ್, ಅನಂತರ ಲೈಸಿನ್, ಆಮೇಲೆ ಥ್ರಿಯೊನಿನ್. ಪೋಣಿಸಲಾಗದೆ ಉಳಿದವುಗಳನ್ನು ಒಡೆದು, ಅವುಗಳಲ್ಲಿನ ಸಾರಜನಕವನ್ನು ಯೂರಿಕ್ ಆಮ್ಲವಾಗಿಸಿ ಹೊರಹಾಕಬೇಕು. ಆ ಕೆಲಸಕ್ಕೆ ಕೋಳಿ ಶಕ್ತಿಯನ್ನೂ ಖರ್ಚುಮಾಡುತ್ತದೆ, ನೀರನ್ನೂ ಹೆಚ್ಚು ಕುಡಿಯುತ್ತದೆ. ಹಾಸಿನ ಸೂಕ್ಷ್ಮಾಣುಗಳು ಆ ಯೂರಿಕ್ ಆಮ್ಲವನ್ನೇ ಅಮೋನಿಯಾ ಮಾಡುತ್ತವೆ. ಹೀಗೆ ಎದೆಯ ಮಾಂಸವಾಗಬೇಕಾಗಿದ್ದ ಪ್ರೋಟೀನ್ ಅಂಗಾಲಿನ ಹುಣ್ಣಾಗಿ ಕಾಣಿಸಿಕೊಳ್ಳುತ್ತದೆ.

ಎರಡನೆಯ ಬ್ಯಾಚಿನಲ್ಲಿ 22ನೆಯ ದಿನದಿಂದ ಶೆಡ್ಡಿನ ನಡುವೆ ಬಲೆ ಕಟ್ಟಿ, ಒಂದು ಬದಿಗೆ ಇದೇ ಫಿನಿಶರನ್ನೂ ಇನ್ನೊಂದು ಬದಿಗೆ ಬೇರೊಂದು ಫಿನಿಶರನ್ನೂ ಹಾಕಿದೆ. ಆ ಎರಡನೆಯದರ ಚೀಟಿಯಲ್ಲಿ ಪ್ರೋಟೀನ್ ಶೇ 19 ಮಾತ್ರ, ಆದರೆ ಲೈಸಿನ್ ಶೇ 1.1 ಎಂದು ಬರೆದಿತ್ತು. 38ನೆಯ ದಿನ ಶೇ 21ರ ಬದಿಯ ಕೋಳಿಗಳು ಸರಾಸರಿ 1,960 ಗ್ರಾಂ, ಶೇ 19ರ ಬದಿಯವು 2,060 ಗ್ರಾಂ ತೂಗಿದವು. ಒಂದು ಕಿಲೋ ತೂಕಕ್ಕೆ ತಿಂದ ಆಹಾರ, ಅಂದರೆ ಎಫ್‌ಸಿಆರ್, ಮೊದಲನೆಯದಕ್ಕೆ 1.65, ಎರಡನೆಯದಕ್ಕೆ 1.59. ಶೇ 19ರ ಬದಿಯ ಹಾಸನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಉದುರುತ್ತಿತ್ತು, ಶೇ 21ರ ಬದಿಯದು ಮುದ್ದೆಯಾಗಿಯೇ ಉಳಿಯುತ್ತಿತ್ತು. ಒಂದು ಶೆಡ್ಡಿನ ಒಂದು ಹೋಲಿಕೆಯನ್ನು ನಾನು ಸಂಶೋಧನೆ ಎಂದು ಕರೆಯುವುದಿಲ್ಲ. ಗಾಳಿ ಯಾವ ಬದಿಗೆ ಹೆಚ್ಚು ಆಡುತ್ತದೆ ಎಂಬುದರಿಂದಲೂ ಇಷ್ಟು ವ್ಯತ್ಯಾಸ ಬರಬಹುದು. ಅದಕ್ಕೇ ಶೇ 21ರ ಫಿನಿಶರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ.

ಪ್ರೋಟೀನ್ ಶೇ 20.8 ಬಂತು, ಆದ್ದರಿಂದ ತಯಾರಕರು ಸುಳ್ಳು ಬರೆದಿದ್ದಾರೆಂದು ಹೇಳಲಾಗದು. ಆದರೆ ಒಟ್ಟು ಲೈಸಿನ್ ಶೇ 0.86 ಮಾತ್ರ ಇತ್ತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಕೋಷ್ಟಕವು ಬ್ರಾಯ್ಲರ್ ಕೋಳಿಗೆ ಮೊದಲ ಮೂರು ವಾರಗಳಲ್ಲಿ ಪ್ರೋಟೀನ್ ಶೇ 23, ಲೈಸಿನ್ ಶೇ 1.10, ಮೂರರಿಂದ ಆರನೆಯ ವಾರದವರೆಗೆ ಪ್ರೋಟೀನ್ ಶೇ 20, ಲೈಸಿನ್ ಶೇ 1.00 ಇರಬೇಕೆನ್ನುತ್ತದೆ. ಆ ಕಾಲದ ಕೋಳಿಗಿಂತ ವೇಗವಾಗಿ ಬೆಳೆಯುವ ಈಗಿನ ತಳಿಗಳಿಗೆ ತಳಿ ಕಂಪನಿಗಳ ಕೈಪಿಡಿಗಳು ಇನ್ನೂ ಹೆಚ್ಚು ಲೈಸಿನ್ ಕೇಳುತ್ತವೆ. ಅಂದರೆ ಈ ಚೀಲದಲ್ಲಿ ಪ್ರೋಟೀನ್ ಬೇಕಾದ್ದಕ್ಕಿಂತ ತುಸು ಹೆಚ್ಚೇ ಇದೆ, ಅದರೊಳಗೆ ಇರಲೇಬೇಕಾದದ್ದು ಕಡಿಮೆಯಿದೆ.

ಇದು ಸಾಧ್ಯವಾಗುವುದು ಅಳೆಯುವ ಕ್ರಮದಿಂದ. ಚೀಲದ ಮೇಲೆ ಬರೆಯುವುದು ಕಚ್ಚಾ ಪ್ರೋಟೀನ್. 1883ರಲ್ಲಿ ಡೆನ್ಮಾರ್ಕಿನ ಯೊಹಾನ್ ಕೆಲ್ಡಾಲ್ ರೂಪಿಸಿದ ವಿಧಾನದಲ್ಲಿ ಆಹಾರದ ಸಾರಜನಕವನ್ನು ಅಳೆದು, ಪ್ರೋಟೀನಿನಲ್ಲಿ ಸರಾಸರಿ ಶೇ 16 ಸಾರಜನಕ ಇರುತ್ತದೆಂದು ಹಿಡಿದು, ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ. ಸಾರಜನಕ ಎಲ್ಲಿಂದ ಬಂತು, ಅದು ಕೋಳಿಯ ಕರುಳಿನಲ್ಲಿ ಜೀರ್ಣವಾಗುತ್ತದೆಯೇ ಎಂಬುದನ್ನು ಈ ಲೆಕ್ಕ ಕೇಳುವುದೇ ಇಲ್ಲ. ಶೇ 46 ಸಾರಜನಕವಿರುವ ಯೂರಿಯಾವನ್ನು ಹೀಗೆ ಲೆಕ್ಕ ಹಾಕಿದರೆ ಅದರ ‘ಪ್ರೋಟೀನ್’ ಶೇ 287 ದಾಟುತ್ತದೆ, ಕೋಳಿಗೆ ಮಾತ್ರ ಅದರಿಂದ ಏನೂ ದಕ್ಕುವುದಿಲ್ಲ. ಈ ಚೀಲದಲ್ಲಿ ಯೂರಿಯಾ ಇದೆಯೆಂದು ನಾನು ಹೇಳುತ್ತಿಲ್ಲ. ಯೂರಿಯಾ ಇಲ್ಲದೆಯೂ ಅಂಕಿ ಹೆಚ್ಚಾಗಿದ್ದು ಲೈಸಿನ್ ಕಡಿಮೆಯಿರಬಹುದು: ಗರಿಯ ಪುಡಿಯಲ್ಲಿ ಕಚ್ಚಾ ಪ್ರೋಟೀನ್ ಶೇ 80ರ ಆಸುಪಾಸಿನಲ್ಲಿದ್ದರೂ ಲೈಸಿನ್ ತೀರ ಕಡಿಮೆ, ಸೋಯಾ ಹಿಂಡಿಯನ್ನು ಅತಿಯಾಗಿ ಬಿಸಿ ಮಾಡಿದರೆ ಅದರ ಲೈಸಿನ್ ಸಕ್ಕರೆಯ ಅಂಶದೊಡನೆ ಬೆಸೆದುಕೊಂಡು ಕೋಳಿಗೆ ಸಿಗದಂತಾಗುತ್ತದೆ, ಶೇಂಗಾ ಹಿಂಡಿಯಲ್ಲಿಯೂ ಲೈಸಿನ್ ಸೋಯಾಕ್ಕಿಂತ ಬಹಳ ಕಡಿಮೆ, ಜೊತೆಗೆ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ.

ಪೆಲೆಟ್, ಅಂದರೆ ಆಹಾರದ ಗುಳಿಗೆಯ, ಗುಣಮಟ್ಟದ ಬಗ್ಗೆಯೂ ಒಂದು ತಕರಾರಿದೆ. ಒಂದೊಂದು ಕಿಲೋ ಜರಡಿ ಹಿಡಿದಾಗ ಸ್ಟಾರ್ಟರಿನಲ್ಲಿ 60 ಗ್ರಾಂ ಪುಡಿ ಬಿದ್ದರೆ ಫಿನಿಶರಿನಲ್ಲಿ 210 ಗ್ರಾಂ ಬಿತ್ತು. ಕೋಳಿ ಕೊಕ್ಕಿಗೆ ಸಿಗುವ ಗುಳಿಗೆಗಳನ್ನು ಆರಿಸಿ ತಿಂದು ಪುಡಿಯನ್ನು ತೊಟ್ಟಿಯ ತಳದಲ್ಲಿ ಬಿಡುತ್ತದೆ. ಪುಡಿಯಾಗಿ ಸೇರಿಸಿದ ಮೆಥಿಯೊನಿನ್, ವಿಟಮಿನ್‌ಗಳ ಒಂದು ಪಾಲು ಹಾಗೆಯೇ ತಳದಲ್ಲಿ ಉಳಿದುಹೋಗುತ್ತದೆ.

ಇನ್ನೊಂದು ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಫಿನಿಶರ್ ಚೀಟಿಯಲ್ಲಿ ರಕ್ತಭೇದಿ ರೋಗವನ್ನು ತಡೆಯುವ ಔಷಧ, ಅಂದರೆ ಕಾಕ್ಸಿಡಿಯೋಸ್ಟಾಟ್, ಸೇರಿದೆಯೋ ಇಲ್ಲವೋ ಎಂಬ ಮಾತೇ ಇಲ್ಲ. ಇಂಥ ಔಷಧಗಳಲ್ಲಿ ಹಲವನ್ನು ಕೋಳಿಯನ್ನು ಕತ್ತರಿಸುವ ಕೆಲವು ದಿನಗಳ ಮೊದಲೇ ನಿಲ್ಲಿಸಬೇಕಾಗುತ್ತದೆ. ಇದೆಯೋ ಇಲ್ಲವೋ ತಿಳಿಯದ ಸಾಕಣೆದಾರ ಯಾವ ದಿನ ನಿಲ್ಲಿಸಬೇಕು? ಮಾಂಸ ತಿನ್ನುವವರಿಗೆ ಆತ ಏನೆಂದು ಉತ್ತರ ಕೊಡಬೇಕು?

ಈ ಮೂರೂ ದೂರುಗಳನ್ನು ಪ್ರಯೋಗಾಲಯದ ವರದಿಯೊಂದಿಗೆ ತಯಾರಕರಿಗೆ ಬರೆದೆ. ಪೆಲೆಟ್ ಪುಡಿಯಾಗುವುದನ್ನು ಒಪ್ಪಿಕೊಂಡು, ಯಂತ್ರದ ಅಚ್ಚನ್ನು ಬದಲಾಯಿಸುವುದಾಗಿ ತಿಳಿಸಿದರು. ಮುಂದಿನ ಚೀಲಗಳಲ್ಲಿ ಔಷಧದ ವಿವರ ಅಚ್ಚು ಹಾಕುವುದಾಗಿಯೂ ಹೇಳಿದರು. ಲೈಸಿನ್ ಬಗ್ಗೆ ಕೇಳಿದ್ದಕ್ಕೆ, ಗಿರಾಕಿಗಳು ಕೇಳುವುದು ಪ್ರೋಟೀನ್ ಎಷ್ಟೆಂದು ಮಾತ್ರ, ಶೇ 19 ಎಂದು ಬರೆದರೆ ಚೀಲವನ್ನು ಕೈಯಿಂದ ಮುಟ್ಟುವುದಿಲ್ಲ ಎಂದು ಉತ್ತರ ಬಂತು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಏಕೆಂದರೆ ಮೊದಲ ಸಲ ಚೀಲ ಆರಿಸುವಾಗ ನಾನೂ ಆ ದಪ್ಪಕ್ಷರದ 21ನ್ನೇ ನೋಡಿದ್ದೆ. ಆದರೂ ತಮ್ಮದೇ ಪ್ರೀ-ಸ್ಟಾರ್ಟರ್ ಚೀಟಿಯಲ್ಲಿ ಇಷ್ಟು ಪ್ರಾಮಾಣಿಕವಾಗಿ ಬರೆಯುವವರಿಗೆ ಫಿನಿಶರಿನಲ್ಲಿ ಬರೆಯುವುದು ಕಷ್ಟವಾಗಬಾರದು. ಮೂರನೆಯ ಬ್ಯಾಚಿಗೆ ಇವರಿಂದ ಪ್ರೀ-ಸ್ಟಾರ್ಟರ್ ಮತ್ತು ಸ್ಟಾರ್ಟರ್ ತರಿಸಿದ್ದೇನೆ. ಫಿನಿಶರನ್ನು ಚೀಟಿಯಲ್ಲಿ ಲೈಸಿನ್ ಎಷ್ಟೆಂದು ಅಚ್ಚಾಗುವವರೆಗೆ ಬೇರೆ ಕಡೆಯಿಂದ ತರಿಸುತ್ತೇನೆ.