ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಹನ್ನೊಂದು ತಿಂಗಳು ತುಳಿದ ವ್ಯಾಯಾಮದ ಸೈಕಲ್: ಆಸನದ್ದೇ ತಕರಾರು

ಬ್ಯಾಡ್ಮಿಂಟನ್ ಆಡುವಾಗ ಜಿಗಿದು ಇಳಿದ ರಭಸಕ್ಕೆ ಬಲಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಹರಿದು, ತೊಡೆಯ ಹಿಂಭಾಗದ ಸ್ನಾಯುರಜ್ಜುವಿನಿಂದ ಅದನ್ನು ಮತ್ತೆ ಕಟ್ಟಿಸಿಕೊಂಡ ಆರನೆಯ ವಾರದಲ್ಲಿ ಈ ಸೈಕಲನ್ನು 11,000 ರೂಪಾಯಿಗೆ ಕೊಂಡೆ. ಫಿಸಿಯೋಥೆರಪಿಗೆ ಒಂದು ಸಲಕ್ಕೆ 600 ರೂಪಾಯಿ ತೆರುತ್ತಿದ್ದ ನಾನು ವಾರಕ್ಕೆ ಐದು ಭೇಟಿಗಳನ್ನು ಎರಡಕ್ಕೆ ಇಳಿಸಿದರೆ ಎರಡು ತಿಂಗಳೊಳಗೆ ಹಣ ಹುಟ್ಟುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಹೋಯಿತು, ಆಸನ ಸರಿಹೋಗಲಿಲ್ಲ.

ಪೆಡಲು ಒಂದು ಪೂರ್ಣ ಸುತ್ತು ತಿರುಗಬೇಕಾದರೆ ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ನನ್ನದು ಆಗ 95ಕ್ಕೇ ನಿಲ್ಲುತ್ತಿತ್ತು. ಅಂಥವರು ಆಸನವನ್ನು ಎತ್ತರಿಸಿಕೊಂಡು, ಪೆಡಲನ್ನು ತೊಟ್ಟಿಲು ತೂಗಿದಂತೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ, ಮಡಚುವುದು ಸುಲಭವಾದ ಹಾಗೆಲ್ಲ ಆಸನವನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕು. ಈ ಸೈಕಲಿನಲ್ಲಿ ಆ ‘ಸ್ವಲ್ಪ’ವೇ ಇಲ್ಲ. ಕಂಬದ ರಂಧ್ರಗಳ ನಡುವೆ ಐದು ಸೆಂಟಿಮೀಟರ್ ಅಂತರವಿದ್ದು, ಮೇಲಿನದಕ್ಕೆ ಏರಿಸಿದರೆ ಸೊಂಟ ವಾಲುತ್ತಿತ್ತು, ಕೆಳಗಿನದಕ್ಕೆ ಇಳಿಸಿದರೆ ಮಂಡಿ ಬಿಗಿದು ನಿಲ್ಲುತ್ತಿತ್ತು. ಗ್ರಾಹಕ ಸೇವೆಯವರು ಮೂರು ಕರೆಗಳಲ್ಲೂ ನನ್ನ ಎತ್ತರವನ್ನು ಕೇಳಿದರೇ ಹೊರತು ಮಂಡಿಯ ವಿಷಯಕ್ಕೆ ಬರಲೇ ಇಲ್ಲ. ಕೊನೆಗೆ ವೆಲ್ಡಿಂಗ್ ಅಂಗಡಿಯವರು 80 ರೂಪಾಯಿಗೆ ನಡುವೆ ಎರಡು ರಂಧ್ರ ಕೊರೆದುಕೊಟ್ಟರು (ವಾರಂಟಿಯ ಕಥೆ ಅಲ್ಲಿಗೆ ಮುಗಿಯಿತು).

ಆಮೇಲೆ ಸೈಕಲಿನ ಮೇಲೆ ಅಕ್ಕರೆ ಹುಟ್ಟಿದ್ದು ಸುಳ್ಳಲ್ಲ. ಬೆಳಗ್ಗೆ ಫಿಲ್ಟರಿಗೆ ಪುಡಿ ಹಾಕಿ, ಕುದಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟು ಹೊತ್ತು ತುಳಿಯುತ್ತಿದ್ದೆ. ಒಂಬತ್ತನೆಯ ವಾರದ ಒಂದು ಬೆಳಗ್ಗೆ ಪೆಡಲು ಹಿಮ್ಮುಖವಾಗಿ ಪೂರ್ತಿ ಸುತ್ತಿಬಿಟ್ಟಿತು. ಹಿಂದಕ್ಕೆ ಸುತ್ತುವುದೇ ಮೊದಲು ಸಾಧ್ಯವಾಗುತ್ತದೆಂದು ಫಿಸಿಯೋ ಹೇಳಿದ್ದರೂ, ನಂಬಲು ನನಗೆ ಇನ್ನೂ ನಾಲ್ಕು ಸುತ್ತು ಬೇಕಾದವು. ಪರದೆಯ ಕ್ಯಾಲೊರಿ ಅಂಕಿಗಳನ್ನು ನಾನು ನೋಡುವುದಿಲ್ಲ. ತುಳಿದ ಮರುದಿನ ದರ್ಜಿಯ ಟೇಪಿನಿಂದ ಮಂಡಿಯ ಸುತ್ತಳತೆ ತೆಗೆದು, ಊತ ಹೆಚ್ಚಿದ್ದರೆ ಅಂದು ಪೆಡಲಿನ ಬಿಗಿತ ಇಳಿಸುತ್ತೇನೆ.

ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘ಸಂಪೂರ್ಣ ಚೇತರಿಕೆ’ ಎಂಬ ಮಾತನ್ನು ಒಪ್ಪಲಾರೆ. ಎರಡು ಪೆಡಲುಗಳಿರುವಲ್ಲಿ ಗಟ್ಟಿ ಕಾಲು ಸೋತ ಕಾಲಿನ ಪಾಲನ್ನೂ ಸದ್ದಿಲ್ಲದೆ ತುಳಿದುಬಿಡುತ್ತದೆ. ಎಂಟನೆಯ ತಿಂಗಳಲ್ಲಿ ನಲವತ್ತು ನಿಮಿಷ ತುಳಿಯಬಲ್ಲವನಾಗಿದ್ದರೂ, ಒಂಟಿಕಾಲಿನ ಜಿಗಿತದಲ್ಲಿ ಬಲಗಾಲು ಎಡಗಾಲಿನ ಶೇ 78ರಷ್ಟೇ ದೂರ ಹೋಯಿತು. ಅಂಕಣಕ್ಕೆ ಮರಳಲು ಒಂಬತ್ತು ತಿಂಗಳಾದರೂ ಕಳೆದು, ಶೇ 90 ಬರಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ಕಳೆದ ತಿಂಗಳು 91 ಬಂದದ್ದರ ಶ್ರೇಯಸ್ಸು ಮನೆಯ ಮೆಟ್ಟಿಲ ಮೇಲೆ ಒಂಟಿಕಾಲಿನಲ್ಲಿ ಇಳಿದು ಹತ್ತಿದ ಬಿಟ್ಟಿ ವ್ಯಾಯಾಮಕ್ಕೇ ಹೆಚ್ಚು ಸಲ್ಲಬೇಕು.

ಐದಕ್ಕೆ ಮೂರು ಅಂಕ. ಮಂಡಿ ಚಿಕಿತ್ಸೆಯ ನಂತರ ಕೊಳ್ಳುವವರು ಅಂಗಡಿಗೆ ಟೇಪು ಒಯ್ದು, ಆಸನದ ರಂಧ್ರಗಳ ಅಂತರವನ್ನು ಅಳೆದೇ ಹಣ ಕೊಡಿ.